ಪೆಟ್ಟಿಗೆ ನಂಬರು ನೂರಾ ಹನ್ನೆರಡು

ನುಗ್ಗೇಹಳ್ಳಿ ದಾಟಿ ಗಣಿ ರಸ್ತೆಗೆ ತಿರುಗಿದರೆ
ಎಡಕ್ಕೊಂದು ತಗಡಿನ ಶೆಡ್ಡು.
ಒಳಗೆ ಸಾಲಾಗಿ ಮರದ ಪೆಟ್ಟಿಗೆ, ಪೆಟ್ಟಿಗೆ ತುಂಬ
ನೆಲಕ್ಕೆ ತೂತು ಕೊರೆದು ಮೇಲೆತ್ತಿದ ಕಲ್ಲಿನ ಕೋಲು,
ಕಬ್ಬಿನ ಜಲ್ಲೆಯಷ್ಟು ದಪ್ಪ, ಗೇಣುಗೇಣಿನ ತುಂಡು.
ಅವಕ್ಕೆ ನಂಬರು ಬರೆಯುವುದು ನನ್ನ ಕೆಲಸ.
ಬಿಳಿ ಬಣ್ಣ, ಅಳಿಲಿನ ಬಾಲದಂಥ ಕುಂಚ.
ಮೂರನೇ ಕ್ಲಾಸಿಗೇ ಬಿಟ್ಟವಳು ನಾನು, ಸಾವಿರದಾಚೆಯ ಲೆಕ್ಕ
ಕಲಿತದ್ದು ಈ ಕಲ್ಲಿನ ಮೇಲೆ.

ಸರ್ವೆಯ ನಸೀಮಾ ಮೇಡಂ ಒಂದು ಸಲ ಬಂದವರು
ತುಂಡೊಂದಕ್ಕೆ ನೀರು ಚಿಮುಕಿಸಿ ಬಿಸಿಲಿಗೆ ಹಿಡಿದು
"ಚಿಕ್ಕತಾಯಮ್ಮ, ಇದು ಬೆಂಕಿ ಕಣ್ರೀ" ಅಂದರು.
"ಮುನ್ನೂರು ಕೋಟಿ ವರ್ಷದ ಹಿಂದೆ ಇಲ್ಲಿ ಜ್ವಾಲಾಮುಖಿ."
ಬಾಗಿಲಾಚೆ ನೋಡಿದೆ.
ಬೋಳು ದಿಬ್ಬ, ಅದರ ಮೇಲೆ ದ್ಯಾವಣ್ಣನ ಎರಡು ಮೇಕೆ,
ಹುರುಳಿ ಹೊಲ, ಕರೆಂಟು ಕಂಬ.
ಎಲ್ಲಿ ಮೇಡಂ?
ಅವರು ನನ್ನ ಹವಾಯಿ ಚಪ್ಪಲಿಯತ್ತ ಬೆರಳು ಮಾಡಿದರು.

ಆಳದಲ್ಲಿ ಕಲ್ಲೂ ಕರಗುತ್ತದಂತೆ,
ಕರಗಿದ್ದು ಹಗುರ, ಹಗುರಾದದ್ದು ಮೇಲೇರಲೇಬೇಕು,
ಕೂದಲೆಳೆಯ ಬಿರುಕು ಸಿಕ್ಕರೂ ಸಾಕು.
ಇದು ನನಗೆ ಗೊತ್ತು. ಎಸರಲ್ಲಿ ಕುದಿವ ರಾಗಿಹಿಟ್ಟು
ಗೊಟಕ್ ಅಂದು ಸಿಡಿದ ಕಲೆ ಮುಂಗೈ ಮೇಲಿದೆ.
"ಹಾಗೆ ಸಿಡಿದದ್ದಲ್ಲ ಇದು, ಹರಿದದ್ದು.
ಆಲೆಮನೆಯಲ್ಲಿ ಕೊಪ್ಪರಿಗೆ ಬಗ್ಗಿಸಿದಾಗ ಪಾಕ ಹರಿಯುತ್ತಲ್ಲ,
ಅದಕ್ಕಿಂತ ತೆಳ್ಳಗೆ, ಸಮುದ್ರದ ಅಡಿಯಲ್ಲಿ,
ಇವತ್ತಿನ ಯಾವ ಬೆಟ್ಟವೂ ಕಾರಲಾರದಷ್ಟು ಬಿಸಿ."
ಚನ್ನರಾಯಪಟ್ಟಣಕ್ಕೆ ಸಮುದ್ರ!
ನಕ್ಕೆ. ಅವರು ನಗಲಿಲ್ಲ.

ಆ ಹೊಳೆ ತಣಿಯುವಾಗ ಹರಳು ಕಟ್ಟಿತು,
ಗರಿಕೆಯ ಹಾಗೆ, ನೀಳಕ್ಕೆ, ಕತ್ತರಿಗಾಲಾಗಿ.
ಭೂಮಿಯ ಮೇಲೆ ಹುಲ್ಲೆಂಬುದೇ ಇಲ್ಲದ ಕಾಲಕ್ಕೆ
ಕಲ್ಲು ಹುಲ್ಲಿನ ಚಿತ್ರ ಬರೆದುಕೊಂಡಿತ್ತು.
ಮೇಲ್ಪದರ ನೀರಿಗೆ ತಾಗಿ ಥಟ್ಟನೆ ಹೆಪ್ಪಾಗಿ ನುಣ್ಣಗೆ,
ಕೆಳಕೆಳಗೆ ಎಸಳು ಉದ್ದ, ಇನ್ನೂ ಉದ್ದ,
ತೀರ ತಳದಲ್ಲಿ ಭಾರದ ಹರಳು,
ರಾಗಿ ಜಾಲಿಸುವಾಗ ಮರಳು ಕೂತ ಹಾಗೆ.
ಆಮೇಲೆ ಮಡಿಚಿತು, ಎದ್ದಿತು,
ಎದ್ದದ್ದನ್ನೆಲ್ಲ ಮಳೆ ಗಾಳಿ ತಿಂದವು.
ಈ ದಿಬ್ಬ ತಿಂದುಳಿದದ್ದು.

ಅವತ್ತೇ ಸಂಜೆ, ಜೀಪು ಹೋದ ಮೇಲೆ,
ಪೆಟ್ಟಿಗೆ ನೂರಾ ಹನ್ನೆರಡು
ನನ್ನ ಕೈಯಿಂದ ಜಾರಿತು.

ನಂಬರು ಇನ್ನೂ ಬರೆದಿರಲಿಲ್ಲ.
ಹತ್ತೊಂಬತ್ತು ತುಂಡು ಸಿಮೆಂಟು ನೆಲದ ಮೇಲೆ
ಉರುಳಿ ಉರುಳಿ ನಿಂತವು, ಒಂದು ಕಾಲ
ಚೆಲ್ಲಾಪಿಲ್ಲಿ.
ಶೆಡ್ಡಿನ ಬೋರೇಗೌಡ ಚಾ ಕುಡಿಯಲು ಹೋಗಿದ್ದ.
ನೀರು ಚಿಮುಕಿಸಿದೆ. ಬಿಸಿಲು ಇಳಿಯುತ್ತಿತ್ತು.
ನುಣ್ಣಗಿನದು ಮೊದಲು. ಆಮೇಲೆ ಗಿಡ್ಡ ಎಸಳು.
ಆಮೇಲೆ ಉದ್ದ. ಮುರಿದ ಬಾಯಿಗೆ ಮುರಿದ ಬಾಯಿ
ಕೂಡಿಸುತ್ತ ಕೂತೆ, ಒಡೆದ ಬಳೆ ಜೋಡಿಸುವ ಮಗುವಿನ ಹಾಗೆ.
ಹದಿನೆಂಟು ಕೂತವು.

ಒಂದು ಉಳಿಯಿತು.
ಅದರಲ್ಲಿ ಹುಲ್ಲಿಲ್ಲ, ಹರಳಿಲ್ಲ, ಹಸಿರುಬೂದಿ ಬಣ್ಣ,
ಮುಟ್ಟಿದರೆ ಸಬ್ಬಕಾರದ ಜಿಗುಟು.
ಉಗುರಲ್ಲಿ ಕೆರೆದರೆ ಬಿಳಿ ಪುಡಿ.
ನೆಲದ ಮೇಲೆ ಗೀಟೆಳೆದೆ, ಗೀಟು ಮೂಡಿತು.
ಬಳಪ! ನಾನು ಮೊದಲ ಅ ತಿದ್ದಿದ್ದು
ಇದೇ ಜಾತಿಯ ಬೆಂಕಿಯಲ್ಲಿ.
ಎರಡೂ ತುದಿ ಸವೆದು ದುಂಡಗಾಗಿದ್ದವು.
ಈ ಕಡೆಯೂ ಕೂರುತ್ತಿತ್ತು, ತಿರುಗಿಸಿದರೆ ಆ ಕಡೆಯೂ.

ಬೋರೇಗೌಡನ ಕೆಮ್ಮು ಕೇಳಿತು.
ಒಂದು ಕಡೆ ಮಾಡಿ ಇಟ್ಟು, ಹದಿನಾಲ್ಕು ಎಂದು ಬರೆದೆ.

ಈಗ ಅದು ನಕ್ಷೆಯಲ್ಲಿದೆಯಂತೆ, ಪುಸ್ತಕದಲ್ಲಿದೆಯಂತೆ,
ನಮ್ಮ ನೆಲ ಹುಟ್ಟಿದ ಕಥೆ, ಬಣ್ಣಬಣ್ಣದ ಪಟ್ಟಿ.
ಓದುವವರು ಓದಲಿ.
ಅಲ್ಲೆಲ್ಲೋ ಒಂದು ಗೇಣು ಬೆಂಕಿ
ಮೇಲಿನಿಂದ ಕೆಳಕ್ಕೆ ಉರಿದಿದ್ದರೆ
ಅದು ನಾನು.